ಊರನ್ನು ಎಣಿಸಿದ ಟೀಚರಮ್ಮ

ಟೀಚರಮ್ಮನ ಕನ್ನಡಕಕ್ಕೆ ಬಲಗಡೆಯ ಕಡ್ಡಿ ಇರಲಿಲ್ಲ. ಅದರ ಬದಲಿಗೆ ಮಕ್ಕಳ ಸೊಂಟಕ್ಕೆ ಕಟ್ಟುವ ಕರಿ ಉಡುದಾರವನ್ನು ಪೋಣಿಸಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಸಿಟ್ಟು ಬಂದಾಗ ತಲೆಯನ್ನು ಜೋರಾಗಿ ಆಡಿಸುವರು. ದಾರ ಕಳಚಿ ಕನ್ನಡಕ ಮೂಗಿನ ಮೇಲೆ ಓರೆಯಾಗಿ ಜೋತುಬೀಳುವುದು. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಹೊಸದು ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದರೆ, "ಇದು ಹಿಂಗಿರೋದಕ್ಕೇ ಹುಡುಗ್ರು ಬದುಕ್ಯಾವೆ" ಎನ್ನುತ್ತಿದ್ದರು.

ನಮ್ಮೂರು ಹರಿಹರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತುಂಗಭದ್ರೆ ಊರಿನ ಹತ್ತಿರ ಬಂದು, ಏನೋ ಮರೆತವಳಂತೆ ತಿರುಗಿಕೊಳ್ಳುವುದರಿಂದ ಮೂರು ದಿಕ್ಕಿಗೂ ಹೊಳೆ. ಹೊಸಬರು ಹೊಳೆ ಎಲ್ಲಿ ಎಂದು ಕೇಳಿದರೆ ಯಾವ ಕಡೆ ಕೈ ತೋರಿಸಿದರೂ ಹೆಚ್ಚು ಕಡಿಮೆ ಸರಿಯೇ. ಟೀಚರಮ್ಮ ಶಾಲೆಯ ಗೋಡೆಯ ಮೇಲೆ ಊರಿನ ಇತಿಹಾಸ, ಭೂಗೋಳ, ಜನಸಂಖ್ಯೆ ಎಲ್ಲವನ್ನೂ ನೀಲಿ ಬಣ್ಣದಲ್ಲಿ ಬರೆಸಿದ್ದರು. ಭೂಗೋಳದ ಬಗ್ಗೆ ಯಾರದೂ ತಕರಾರಿರಲಿಲ್ಲ. ಇತಿಹಾಸದ ಬಗ್ಗೆ ಭತ್ತದ ಸಾಹುಕಾರರದಿತ್ತು.

"ನಮ್ಮ ಮುತ್ತಜ್ಜ ಹೊಳೆ ದಾಟಿ ಬಂದ ಮ್ಯಾಲೇ ಇದು ಊರಾಗಿದ್ದು. ಅವ್ರ ಹೆಸ್ರು ಮೊದ್ಲು ಬರ್ಸ್ರಿ."

"ಈಜಿ ಬಂದ್ರೇನ್ರಿ?"

"ಸಾಹುಕಾರ್ರು ಈಜ್ತಾರೇನ್ರಿ? ಹರಿಗೋಲಿನಾಗೆ ಬಂದ್ರು."

"ಹಂಗಾದ್ರೆ ಹರಿಗೋಲು ಹಾಕೋನು ಅವ್ರಿಗಿಂತ ಮೊದ್ಲೇ ಇಲ್ಲಿದ್ದ."

ಗೋಡೆಯ ಮೇಲಿನ ಮೊದಲ ಸಾಲು ಇವತ್ತಿಗೂ ಹರಿಗೋಲಿನವರದು.

ನನ್ನ ತವರು ಕುಕ್ಕುವಾಡ. ದಾವಣಗೆರೆಯ ಕರೂರಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದೆ. ನಮ್ಮ ಮನೆಯವರ ಪರಿಚಯವಾದದ್ದು ಅಲ್ಲೇ. ಎರಡೂ ಕಡೆ ಯಾರನ್ನೂ ಕೇಳದೆ ರಿಜಿಸ್ಟರ್ ಮದುವೆಯಾಗಿ ಈ ಊರಿಗೆ ಬಂದೆವು. ಮಾವ ಎರಡು ದಿನ ಮುಖ ತಿರುಗಿಸಿದರು, ಮೂರನೇ ದಿನ ಚಹಾ ಕೇಳಿದರು. ಅತ್ತೆ ಮಾತ್ರ ನನ್ನ ಜೊತೆ ಮಾತಾಡುವುದಿಲ್ಲವೆಂದು ಹಟ ಹಿಡಿದರು. ಆದರೆ ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ನಡೆಯುವುದು ಹೇಗೆ? ಹೇಳಬೇಕಾದದ್ದನ್ನೆಲ್ಲ ಹಿತ್ತಲಿನ ಎಮ್ಮೆಗೆ ಕೂಗಿ ಹೇಳುತ್ತಿದ್ದರು.

"ಏ ಎಮ್ಮೆ, ಸಾರಿಗೆ ಉಪ್ಪು ಕಮ್ಮಿ ಆಗೈತೆ!"

"ಏ ಎಮ್ಮೆ, ಹಾಲು ಉಕ್ತೈತೆ, ಕಣ್ಣೆಲ್ಲೈತೆ?"

ಬರಬರುತ್ತ ನಾನೂ ಎಮ್ಮೆಗೇ ಉತ್ತರ ಕೊಡತೊಡಗಿದೆ. ನಮ್ಮ ಮನೆಯ ವಿಷಯ ಅದಕ್ಕೆ ಗೊತ್ತಿದ್ದಷ್ಟು ನಮ್ಮ ಮಾವನಿಗೂ ಗೊತ್ತಿರಲಿಲ್ಲ.

ಹೀಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಜನಗಣತಿ ಬಂತು. ಊರಿಗೆ ಆಗ ಪಟ್ಟಣ ಪಂಚಾಯಿತಿಯ ಹುಚ್ಚು ಹಿಡಿದಿತ್ತು. ಇನ್ನಷ್ಟು ಜನರಿದ್ದರೆ ಊರು ಪಟ್ಟಣವಾಗುತ್ತದೆ, ಮನೆಮನೆಗೆ ನಲ್ಲಿ ಬರುತ್ತದೆ ಎಂದು ಸಾಹುಕಾರರು ಲೆಕ್ಕ ಹಾಕಿ, ನೆಂಟರನ್ನೆಲ್ಲ ಕರೆಸಿಕೊಳ್ಳಿರೆಂದು ಎಲ್ಲರಿಗೂ ಹೇಳಿಸಿದರು. ಆ ವಾರ ನಮ್ಮೂರಿನ ಬಸ್ಸುಗಳು ತುಂಬಿ ಬಂದು ಖಾಲಿ ಹೋದವು. ನಮ್ಮ ಓಣಿಯನ್ನು ಎಣಿಸುವ ಕೆಲಸ ಟೀಚರಮ್ಮನ ಪಾಲಿಗೆ ಬಂತು.

ಮೊದಲು ಸಾಹುಕಾರರ ಮನೆ. ಜಮಖಾನದ ಮೇಲೆ ಜನ ಮದುವೆ ಪಂಕ್ತಿಗೆ ಕೂತಂತೆ ಕೂತಿದ್ದರು. ಓಣಿಯವರೆಲ್ಲ ಕಿಟಕಿಯಲ್ಲಿ ಇಣುಕುತ್ತಿದ್ದೆವು. ಟೀಚರಮ್ಮ ಪೆನ್ನು ತೆಗೆಯಲೇ ಇಲ್ಲ. ದಾವಣಗೆರೆಯಿಂದ ಬಂದಿದ್ದ ಬೀಗರತ್ತ ತಿರುಗಿದರು.

"ಯಜಮಾನ್ರೇ, ಇಲ್ಲೇ ಇರ್ತೀರೇನ್ರಿ?"

"ಹೂಂ, ಭಾಳ ವರ್ಷದಿಂದ."

"ಸಂತೋಷ. ಬಚ್ಚಲು ಎಲ್ಲೈತೆ ಸ್ವಲ್ಪ ತೋರ್ಸ್ರಿ, ಕೈ ತೊಳಿಬೇಕು."

ಬೀಗರು ಗಾಂಭೀರ್ಯದಿಂದ ಎದ್ದು ಹೋಗಿ ದೇವರ ಕೋಣೆಯ ಬಾಗಿಲು ತೆಗೆದರು.

ಅಲ್ಲಿಂದ ಮುಂದೆ ಒಬ್ಬೊಬ್ಬರೇ ಜಮಖಾನದಿಂದ ಎದ್ದುಹೋದರು. ಕೊನೆಗೆ ಸಾಹುಕಾರರು ತಮ್ಮ ಅಜ್ಜನ ಹೆಸರನ್ನಾದರೂ ಉಳಿಸಿಕೊಳ್ಳಲು ನೋಡಿದರು. ಟೀಚರಮ್ಮ ಗೋಡೆಯ ಮೇಲಿನ ಅಜ್ಜನ ಫೋಟೋದತ್ತ ಬೆರಳು ಮಾಡಿ, "ಹಾರ ಹಾಕಿದೋರನ್ನ ಬರ್ಕಳಾಕೆ ಬರಾಂಗಿಲ್ರಿ" ಎಂದರು.

"ಊರು ಉದ್ಧಾರ ಆಗೋದು ಬ್ಯಾಡೇನ್ರಿ ನಿಮ್ಗೆ?"

"ಇರೋರು ಉದ್ಧಾರ ಆಗ್ಲಿ. ಇಲ್ದಿರೋರಿಗೆ ನಲ್ಲಿ ಹಾಕ್ಸಿ ಏನ್ ಮಾಡ್ತೀರಿ?"

ಆಮೇಲೆ ನಮ್ಮ ಮನೆಗೆ ಬಂದರು. ನಾನು ಓಡಿಬಂದು ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿ, ಕಣ್ಣು ಕಿವಿ ಎರಡನ್ನೂ ಪಡಸಾಲೆಯ ಕಡೆ ಇಟ್ಟಿದ್ದೆ. ಊರಿಗೆ ಊರೇ ಇಲ್ಲದವರನ್ನು ಸೇರಿಸುತ್ತಿದ್ದರೆ, ಇದ್ದವರನ್ನು ಕಳೆಯಲು ಹೊರಟವರು ನಮ್ಮ ಅತ್ತೆ ಒಬ್ಬರೇ.

"ನಾಲ್ಕು ಜನ," ಎಂದರು. ಅಂದರೆ ಅತ್ತೆ, ಮಾವ, ನಮ್ಮ ಮನೆಯವರು, ಮೈದುನ.

"ಒಳಗೆ ಮಿಕ್ಸಿ ತಿರುಗ್ಸೋರು ಯಾರ್ರಿ?"

"ಅದಾ... ಒಬ್ಳು ಇರ್ತಾಳೆ."

"ಎಲ್ಲಿರ್ತಾಳೆ?"

"ಇಲ್ಲೇ."

"ಬಚ್ಚಲು ಎಲ್ಲೈತೆ ಗೊತ್ತೇನು ಆಕಿಗೆ?"

"ದಿನಾ ತೊಳಿಯೋಳೇ ಅವ್ಳು!"

"ಹಂಗಾದ್ರೆ ಐದು. ಯಜಮಾನ್ರಿಗೆ ಏನಾಗ್ಬೇಕು ಆಕಿ?"

ಅತ್ತೆ ಹಿತ್ತಲ ಕಡೆ ಮುಖ ಮಾಡಿದರು. "ಏ ಎಮ್ಮೆ..."

"ಎಮ್ಮೆನ್ನ ಕೇಳಿಲ್ಲ ನಾನು. ಇದು ಸರ್ಕಾರದ ಕಾಗ್ದ. ನೀವು ಹೇಳ್ಬೇಕು." ತಲೆ ಆಡಿತು, ದಾರ ಕಳಚಿತು, ಕನ್ನಡಕ ಓರೆಯಾಯಿತು. ಅದನ್ನು ಮತ್ತೆ ಕಿವಿಗೆ ಸುತ್ತಿಕೊಳ್ಳುವಷ್ಟರಲ್ಲಿ ಅತ್ತೆ ನೆಲ ನೋಡುತ್ತ ಏನೋ ಗೊಣಗಿದರು.

"ಮಿಕ್ಸಿ ಸಪ್ಪಳಕ್ಕೆ ಕೇಳ್ಸಲಿಲ್ಲ. ಜೋರಾಗಿ ಹೇಳ್ರಿ."

"ಸೊಸೆ ಕಣ್ರೀ! ನನ್ ಸೊಸೆ!"

ಓಣಿಗೆಲ್ಲ ಕೇಳಿತು. ನನಗೆ ಏನಾಯಿತೋ, ತಿರುಗುತ್ತಿದ್ದ ಮಿಕ್ಸಿಯ ಮುಚ್ಚಳ ತೆಗೆದುಬಿಟ್ಟೆ. ಚಟ್ನಿ ಗೋಡೆ, ಗಡಿಯಾರ, ನನ್ನ ಮುಖ ಒಂದನ್ನೂ ಬಿಡಲಿಲ್ಲ. ಅತ್ತೆ ಒಳಗೆ ಬಂದು ಸುತ್ತಲೂ ನೋಡಿದರು. ನೇರವಾಗಿ ನನಗೆಂದೇ ಅವರು ಆಡಿದ ಮೊದಲ ಮಾತು ಇದು: "ಗ್ವಾಡೆ ಯಾರೇ ಒರೆಸ್ತಾರೆ, ನಿಮ್ಮಪ್ಪನಾ?"

ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಳುತ್ತಲೇ ಗೋಡೆ ಒರೆಸಿದೆ.

ಊರು ಪಟ್ಟಣವಾಗಲಿಲ್ಲ. ಟೀಚರಮ್ಮ ಎಣಿಸಿದ್ದು ಒಂದೇ ಓಣಿಯಾದರೂ ತಪ್ಪೆಲ್ಲ ಅವರದೇ ಎಂದು ಜನ ತೀರ್ಮಾನಿಸಿ, ಬಹಳ ದಿನ ಅವರಿಗೆ ನಮಸ್ಕಾರ ಮಾಡುವುದನ್ನೇ ಬಿಟ್ಟರು. ಅವರೇ ಎದುರು ಬಂದವರಿಗೆಲ್ಲ ಮೊದಲು ಕೈಮುಗಿದು, ಉತ್ತರ ಕೊಡಲೇಬೇಕಾದ ಕಷ್ಟಕ್ಕೆ ಸಿಕ್ಕಿಸುತ್ತಿದ್ದರು. ನಾನು ಮಾತ್ರ ಪ್ರತಿ ಯುಗಾದಿಗೆ ಹೋಳಿಗೆ ಕಟ್ಟಿಕೊಂಡು ಹೋಗಿ, "ನನ್ಗೆ ಅತ್ತೆ ಕೊಡ್ಸಿದೋರು ನೀವೇ" ಎನ್ನುತ್ತಿದ್ದೆ. "ನಂದೇನೈತಮ್ಮ? ನಾನು ಕಾಲಂ ತುಂಬ್ದೆ ಅಷ್ಟೆ" ಎಂದು ಅವರು ಹೋಳಿಗೆ ಮುರಿಯುವರು. ದೊಡ್ಡವರ ವಿನಯ ಎಂದುಕೊಳ್ಳುತ್ತಿದ್ದೆ.

ನಿವೃತ್ತಿಯಾದ ಮೇಲೆ ಅವರು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಅತ್ತೆಯೂ ನಾನೂ ಮಣ್ಣಿಗೆ ಹೋಗಿಬಂದೆವು. ವಾಪಸು ಬರುವಾಗ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸಿಗೆ ಕಾಯುತ್ತಿದ್ದಾಗ, ಅತ್ತೆ ಇದ್ದಕ್ಕಿದ್ದಂತೆ ಹೇಳಿದರು:

"ಗಣತಿ ಹಿಂದ್ಲ ದಿನ ನಾನೇ ಹೋಗಿದ್ದೆ ಕಣೇ ಆಕಿ ಮನಿಗೆ."

"ಯಾಕ?"

"ಮಾತಾಡದೆ ಇದ್ದು ಇದ್ದು ಸಾಕಾಗಿತ್ತು. ನಾನಾಗೇ ಶುರು ಮಾಡಿದ್ರೆ ಊರಾಗೆ ಮರ್ಯಾದಿ ಏನ್ ಉಳೀತದೆ? ನಾಳೆ ನಾನು ನಾಲ್ಕು ಅಂತೀನಿ, ನೀವು ಬಿಡ್ಬ್ಯಾಡ್ರಿ ಟೀಚರಮ್ಮ ಅಂತ ಹೇಳಿ ಬಂದಿದ್ದೆ."

ಬಸ್ಸು ಬಂದು ನಿಂತಿತ್ತು. ನಾನು ಹತ್ತಲಿಲ್ಲ.

"ಮತ್ತೆ ಇಷ್ಟು ವರ್ಷ ನನ್ಗೆ ಯಾಕೆ ಹೇಳ್ಲಿಲ್ಲ ಅವ್ರು?"

"ಹೇಳ್ಬ್ಯಾಡ್ರಿ ಅಂದಿದ್ದೆ," ಎಂದರು ಅತ್ತೆ. "ಹೇಳ್ಲಿಲ್ಲ ನೋಡು."