ಗುಡ್ಡದೊಳಗಿನ ಕೋಣೆಗೆ ಬಣ್ಣ

ವೂಲಾ ಗ್ರೀಸಿನವಳು. ಪೂರ್ತಿ ಹೆಸರು ಪರಸ್ಕೆವಿ. ಹಾಗೆ ಕರೆದರೆ ತಿರುಗಿಯೂ ನೋಡುವುದಿಲ್ಲ. ಸುತ್ತ ಸಮುದ್ರವಿದ್ದ ದ್ವೀಪದಲ್ಲಿ ಹುಟ್ಟಿದವಳು ಮದುವೆಯಾಗಿ ಬಂದದ್ದು ಆಸ್ಟ್ರೇಲಿಯಾದ ಮರುಭೂಮಿಯ ಕೂಬರ್ ಪೀಡಿ ಊರಿಗೆ. ಇಲ್ಲಿಗೆ ನೀರು ಲಾರಿಯಲ್ಲಿ ಬರುತ್ತಿದ್ದ ಕಾಲ. ಬಂದ ದಿನ ಗಂಡ ಲೆಫ್ಟೆರಿಸ್ ಮನೆ ತೋರಿಸಿದ. ಗುಡ್ಡಕ್ಕೆ ಒಂದು ಬಾಗಿಲು, ಹಿಂದೆ ಒಂದು ಗವಿ. "ಮನೆ ಎಲ್ಲಿ?" ಎಂದು ಕೇಳಿದಳಂತೆ. "ಇನ್ನೂ ತೋಡ್ತೀನಿ" ಅಂದನಂತೆ.

ತೋಡಿದ. ನಿಲ್ಲಿಸಲೇ ಇಲ್ಲ.

ನಾವೆಲ್ಲ ಗುಡ್ಡದೊಳಗೇ ಇರುವವರು. ಬೇಸಗೆಯಲ್ಲಿ ಹೊರಗೆ ಬದುಕಲಾಗುವುದಿಲ್ಲ. ಒಳಗೆ ಸೆಕೆಗೂ ಚಳಿಗೂ ಒಂದೇ ಹದ. ಮುಂದಿನ ಕೋಣೆಗೆ ಕಿಟಕಿ ಇರುತ್ತದೆ, ಅಲ್ಲಿ ಬಿಸಿಲು ಬೀಳುತ್ತದೆ. ಹಿಂದಕ್ಕೆ ಹೋದಷ್ಟೂ ಕತ್ತಲೆ. ಹಿಂದಿನ ಕೋಣೆಗಳಲ್ಲಿ ಮಲಗುತ್ತೇವೆ, ಸಾಮಾನು ಇಡುತ್ತೇವೆ. ಅಲ್ಲಿ ಕೂತು ಯಾರೂ ಹರಟುವುದಿಲ್ಲ.

ಊರೊಳಗೆ ಓಪಲ್ ಎಂಬ ಬೆಲೆಬಾಳುವ ಕಲ್ಲಿಗಾಗಿ ಗಣಿ ತೋಡುವಂತಿಲ್ಲ. ಮನೆಗೆ ಇನ್ನೊಂದು ಕೋಣೆ ಬೇಕೆಂದು ತೋಡಿದರೆ, ಅಲ್ಲಿ ಕಲ್ಲು ಸಿಕ್ಕರೂ, ಯಾರೂ ಕೇಳುವುದಿಲ್ಲ. ಹಾಗಾಗಿ ನಮ್ಮ ಗಂಡಸರಿಗೆ ಕೋಣೆಗಳ ಅಗತ್ಯ ತೀರುವುದೇ ಇಲ್ಲ. ಲೆಫ್ಟೆರಿಸ್ ಮೊದಲು ಮಗಳಿಗೆ ಕೋಣೆ ಅಂದ. ಮಗಳು ಮದುವೆಯಾಗಿ ಅಡಿಲೇಡಿಗೆ ಹೋದಳು. ಆಮೇಲೆ ಬಟ್ಟೆಗೆ ಕೋಣೆ ಅಂದ. ಕೊನೆಗೆ ಬಂದವರು ಕೂರುವುದಕ್ಕೆ ದೊಡ್ಡದೊಂದು ಕೋಣೆ ಅಂದ. ಅದನ್ನು ತೋಡುತ್ತಲೇ ಅವನ ತಲೆ ಬೆಳ್ಳಗಾಯಿತು. ಸಾರಿನ ಪಾತ್ರೆಯ ಮೇಲೆ ದೂಳು, ಹಾಸಿಗೆಯ ಮೇಲೆ ದೂಳು, ದೇವರ ಪಟದ ಮೇಲೆ ದೂಳು. ವೂಲಾ ಒರೆಸಿದಳು, ಬೈದಳು, ಮತ್ತೆ ಒರೆಸಿದಳು.

ನಾನು ಸೆರ್ಬಿಯಾದವಳು, ಪಕ್ಕದ ಮನೆ. ನನ್ನ ಗಂಡ ಮಿಲೆ ಅವರ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಲೆಫ್ಟೆರಿಸ್ ನನ್ನನ್ನು ನಮ್ಮ ಮಾತಿನಲ್ಲೇ ಕುಮಾ ಎನ್ನುತ್ತಾನೆ. ಬೀಗಿತ್ತಿಗಿಂತ ಹತ್ತಿರದ ಸಂಬಂಧ ಅದು. ಕಳೆದ ಬೇಸಗೆಯಲ್ಲಿ ಮಿಲೆ ಹೋದ. ಬೂಟು ಹಾಕಿಕೊಳ್ಳುತ್ತಿದ್ದ. ಒಂದು ಕಾಲಿಗೆ ಹಾಕಿದ್ದ. ಅಷ್ಟೇ. ನಾನು ಕರಿ ಬಟ್ಟೆ ಉಟ್ಟೆ. ಒಲೆ ಹಚ್ಚುವುದನ್ನು ಬಿಟ್ಟೆ. ವೂಲಾ ಬಂದು ಕೈಹಿಡಿದು ಎಳೆದುಕೊಂಡು ಹೋಗಿ ಅವಳ ಮೇಜಿನ ಮುಂದೆ ಕೂರಿಸಿದಳು. ಆಮೇಲೆ ದಿನಾ ಅಲ್ಲೇ ಊಟ.

ಆ ಮೇಜಿನ ಮುಂದೆಯೇ ಮಾತು ಎದ್ದದ್ದು. ಮಿಲೆಯ ಜೊತೆ ಗಣಿ ತೋಡುತ್ತಿದ್ದ ಮುದುಕ ಬೋಗ್ದಾನನೂ ಇದ್ದ.

"ಸಾಕು ಮಾಡು ಲೆಫ್ಟೆರಿ" ಅಂದಳು ವೂಲಾ. "ಕೂರೋ ಕೋಣೆ ಅಂತ ತೋಡ್ದೆ. ನಾನೀಗ ಕೂರ್ಬೇಕು."

"ಆ ಬಿಲದಲ್ಲಿ ಯಾರು ಕೂರ್ತಾರೆ? ಇನ್ನೊಂದು ಸ್ವಲ್ಪ ಹೋದ್ರೆ ಕಲ್ಲು ಸಿಗುತ್ತೆ. ನಂಗೆ ವಾಸನೆ ಬರ್ತಿದೆ."

"ನಿಂಗೆ ಬರ್ತಿರೋದು ನಿನ್ನ ಕಾಲುಚೀಲದ ವಾಸನೆ."

ಬೋಗ್ದಾನ ನಕ್ಕು ಸಾರು ಚೆಲ್ಲಿಕೊಂಡ. ವೂಲಾ ನಗಲಿಲ್ಲ. "ಜುಲೈನಲ್ಲಿ ನನ್ನ ಹೆಸರಿನ ಸಂತಳ ಹಬ್ಬ. ಅವತ್ತು ಬಂದವರು ಒಳಗಿನ ಕೋಣೇಲಿ ಕೂತು ಕಾಫಿ ಕುಡಿದ್ರೆ ಅದು ಕೋಣೆ. ನಿನ್ನ ಕಲ್ಲು ಒಡೆಯೋ ಜಾಕ್‌ಹ್ಯಾಮರ್ ನನ್ನ ಮನೆಯಿಂದ ಆಚೆಗೆ. ಎಲ್ರೂ ಮುಂದೇನೇ ಕೂತು ಕುಡಿದ್ರೆ ಅದು ಗಣಿ. ಗುಡ್ಡದ ಆ ಕಡೆ ತನಕ ತೂತು ಹೊಡಿ. ನಾನು ಬಾಯಿ ಬಿಡಲ್ಲ."

"ನೀನು? ಬಾಯಿ ಬಿಡಲ್ವಾ? ಬೋಗ್ದಾನ್, ಕೇಳಿಸ್ಕೊಂಡ್ಯೇನಯ್ಯಾ?"

"ಕೇಳಿಸ್ತು. ನಂಬಿಕೆ ಬರ್ಲಿಲ್ಲ."

"ಒಂದು ಮಾತು" ಅಂದ ಲೆಫ್ಟೆರಿಸ್. "ಯಾರನ್ನೂ ಒಳಗೆ ಕರೀಬಾರ್ದು. ಅವರಾಗೇ ಹೋಗ್ಬೇಕು."

"ಕರೆಯಲ್ಲ."

ಅವನು ಖುಷಿಯಲ್ಲಿ ಎರಡನೇ ಸಲ ಬಡಿಸಿಕೊಂಡ. ಅವನ ಲೆಕ್ಕ ನನಗೆ ತಿಳಿಯಿತು. ಜುಲೈ ಅಂದರೆ ನಮಗೆ ಚಳಿ. ಮುಂದಿನ ಕಿಟಕಿಯಲ್ಲಿ ಎಳೆಬಿಸಿಲು ನೆಲದ ತುಂಬ ಹರಡಿರುತ್ತದೆ. ಅದನ್ನು ಬಿಟ್ಟು ಯಾರು ಏಳುತ್ತಾರೆ?

ವೂಲಾ ಕೆಲಸಕ್ಕೆ ನಿಂತಳು. ಮೊದಲು ಗೋಡೆಗೆ ಅಂಟು ಕಲಸಿದ ನೀರು ಬಳಿದಳು. ಇಲ್ಲದಿದ್ದರೆ ಮರಳುಕಲ್ಲು ಉದುರುತ್ತಲೇ ಇರುತ್ತದೆ, ಬಣ್ಣ ಹಿಡಿಯುವುದಿಲ್ಲ. ಆಮೇಲೆ ಯಾವ ಬಣ್ಣ? ಎಲ್ಲರೂ ಹೇಳಿದ್ದು ಒಂದೇ. ಕತ್ತಲೆ ಕೋಣೆಗೆ ಬಿಳಿ.

ಬಿಳಿ ಬಳಿದಳು. ದೀಪ ಹಾಕಿದಳು. ನಾವು ಹೋಗಿ ನಿಂತೆವು. ಬೆಳಕು ಬಂದು ಬಡಿದರೆ ಬಿಳಿ ಬಿಳಿಯಾಗಿರುತ್ತದೆ. ಬೆಳಕಿಲ್ಲದ ಕಡೆ ಅದು ಬೂದಿ. ಮೂಲೆಗಳೆಲ್ಲ ಕೊಳೆಯಾದಂತೆ ಕಂಡವು.

"ಆಸ್ಪತ್ರೇಲಿ ಹೆಣ ಇಡೋ ಜಾಗ ಥೇಟ್ ಹೀಗೇ..." ಎಂದ ಬೋಗ್ದಾನ, ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡ.

"ಹೌದು, ಹೀಗೇ ಇತ್ತು" ಅಂದೆ.

ವೂಲಾ ಬಿಳಿಯ ಡಬ್ಬದ ಮುಚ್ಚಳ ಒತ್ತಿ ಹಾಕಿದಳು.

ಎರಡನೆಯದನ್ನು ಆರಿಸಿದವನು ಲೆಫ್ಟೆರಿಸ್. ಆ ಉಪಕಾರಬುದ್ಧಿ ನೋಡಿಯೇ ನನಗೆ ಅನುಮಾನ. ಆದರೆ ಅವನು ಮೋಸ ಮಾಡಲಿಲ್ಲ, ನಿಜವಾಗಿ ಆರಿಸಿದ. ಬಣ್ಣ ಮಾರುವ ಶೆರಿಲ್‌ಳ ಅಂಗಡಿಯಿಂದ ಬಣ್ಣದ ಮಾದರಿಯ ಚೀಟಿಗಳನ್ನು ತಂದು, ಬಾಗಿಲ ಹೊರಗೆ ನಿಂತು, ಓಪಲ್ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಒಂದೊಂದನ್ನೂ ಬಿಸಿಲಿಗೆ ಆ ಕಡೆ ಈ ಕಡೆ ವಾಲಿಸಿದ. ಒಂದನ್ನು ನಾಲಗೆಯಿಂದ ನೆಕ್ಕಿಯೂ ನೋಡಿದ, ಕಲ್ಲಿನ ಬಣ್ಣ ಹೊರಡಿಸಲು ನೆಕ್ಕುವಂತೆ. ಈ ಊರಿನವರು ಎಲ್ಲವನ್ನೂ ನೋಡುವುದು ಹೀಗೆಯೇ. ಕಲ್ಲನ್ನು, ಬಟ್ಟೆಯನ್ನು, ಮದುವೆಗೆ ಕಳಿಸಿದ ಹುಡುಗಿಯ ಫೋಟೋವನ್ನು. ಬಿಸಿಲಿಗೆ ಹಿಡಿಯದೆ ನಂಬುವುದಿಲ್ಲ.

"ಇದು! ಬೆಂಕಿ ಹಾಗೆ ಉರೀತಿದೆ ನೋಡು" ಎಂದು ನಿಂಬೆ ಹಳದಿಯ ಚೀಟಿ ಎತ್ತಿದ.

ಒಳಗೆ ಬಳಿದಾಗ ಆ ಹಳದಿ ಹಸಿರಾಯಿತು. ಕೂತವರಿಗೆಲ್ಲ ಕಾಮಾಲೆ ಬಂದಂತೆ. "ನೀನು ಮದುವೆಗೆ ಮುಂಚೆ ನನ್ನ ಫೋಟೋನೂ ಹೀಗೇ ನೋಡಿದ್ಯಾ?" ಎಂದು ವೂಲಾ ಕೇಳಿದಳು. "ಫೋಟೋ ನೆಕ್ಕಿರ್ಲಿಲ್ಲ" ಅಂದ.

ಮೂರನೆಯದು ಅವಳದೇ. ನೀಲಿ. ಅದನ್ನೂ ಬಾಗಿಲ ಹೊರಗೆ ಬಿಸಿಲಿನಲ್ಲೇ ಆರಿಸಿದಳು. ಆರಿಸುವಾಗ ಅವಳ ಮುಖ ಅರಳಿತ್ತು. ಇಡೀ ಗೋಡೆ ಒಬ್ಬಳೇ ಬಳಿದು ನನ್ನನ್ನು ಕರೆದಳು. ಒಳಗೆ ಆ ನೀಲಿ ಒದ್ದೆ ಸ್ಲೇಟಿನ ಬಣ್ಣವಾಗಿತ್ತು. ಚಳಿಯಾಯಿತು ನನಗೆ. ವೂಲಾ ಡಬ್ಬದ ಮೇಲೆ ಕೂತುಬಿಟ್ಟಳು.

"ಸ್ತಾನಾ, ನಮ್ಮೂರ ಬಾಗಿಲುಗಳ ಬಣ್ಣ ಕಣೇ ಇದು."

"ನಿಮ್ಮೂರಲ್ಲಿ ಬಾಗಿಲು ಬಿಸಿಲಲ್ಲಿರುತ್ತೆ" ಅಂದೆ.

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದಳು.

"ಹಳದಿ, ನೀಲಿ ಎರಡನ್ನೂ ಬಿಸಿಲಲ್ಲೇ ಆರಿಸಿದ್ವಲ್ಲೇ. ಇಲ್ಲಿ ಬಿಸಿಲು ಎಲ್ಲಿದೆ?" ಎಂದು ಎದ್ದಳು. "ಆ ಸ್ಟೂಲು ತಗೋ. ಗೋಡೆಗೆ ಬೆನ್ನು ಕೊಟ್ಟು ಕೂರು."

"ನಾನ್ಯಾಕೆ?"

"ಗೋಡೆ ನೋಡೋಕೆ ಯಾರೂ ಮನೆಗೆ ಬರಲ್ಲ. ಎದುರಿಗೆ ಕೂತವರ ಮುಖ ನೋಡೋಕೆ ಬರ್ತಾರೆ. ಈ ಊರಲ್ಲಿ ನಿನ್ನಷ್ಟು ಸತ್ತ ಮುಖ ಇನ್ನೊಂದಿಲ್ಲ. ಮೇಲೆ ಕರಿ ಬಟ್ಟೆ ಬೇರೆ. ನಿನ್ನ ಮುಖಕ್ಕೆ ಜೀವ ಬಂತು ಅಂದ್ರೆ ಯಾರ ಮುಖಕ್ಕಾದ್ರೂ ಬರುತ್ತೆ."

ಮಿಲೆ ಹೋದ ಮೇಲೆ ಎಲ್ಲರೂ ನನ್ನ ಹತ್ತಿರ ಬಾಯಲ್ಲಿ ಹತ್ತಿ ಇಟ್ಟುಕೊಂಡಂತೆ ಮಾತಾಡುತ್ತಿದ್ದರು. ಇವಳೊಬ್ಬಳೇ ಹೀಗೆ. ನಾನು ಕೂತೆ.

ಅವಳು ಮುಂದಿನ ಕೋಣೆಯ ಬಾಗಿಲು ಮುಚ್ಚಿದಳು. ಮೇಲಿನ ಟ್ಯೂಬ್‌ಲೈಟ್ ಆರಿಸಿ, ಹಾಸಿಗೆಯ ಪಕ್ಕದಲ್ಲಿಡುವ ಗಿಡ್ಡ ದೀಪಗಳನ್ನು ತಂದು ಮೂಲೆಗಳಲ್ಲಿ ಇಟ್ಟಳು. ನನ್ನ ತಲೆಯ ಹಿಂದೆ ಗೋಡೆಯ ಮೇಲೆ ಅಂಗೈ ಅಗಲದ ಬಣ್ಣ ಬಳಿಯುವುದು, ಹಿಂದೆ ಸರಿದು ನನ್ನ ಮುಖ ನೋಡುವುದು, ಇದಲ್ಲ ಎಂದು ತಲೆಯಾಡಿಸುವುದು. ದಿನಾ ಊಟವಾದ ಮೇಲೆ ಇದೇ. ಕೆನೆ ಬಣ್ಣ ಆಯಿತು. ಗುಲಾಬಿ ಆಯಿತು. ಗುಲಾಬಿಯಲ್ಲಿ ನನ್ನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. "ಮುದುಕಿಗೆ ಲಿಪ್‌ಸ್ಟಿಕ್ ಹಚ್ಚಿದ ಹಾಗಿದೆ" ಅಂದಳು.

ಒಂದು ದಿನ ಶೆರಿಲ್‌ಳ ಅಂಗಡಿಯ ಹಿಂದೆ ಯಾರಿಗೂ ಬೇಡವಾಗಿ ಬಿದ್ದಿದ್ದ ಡಬ್ಬ ತಂದಳು. ಚೆನ್ನಾಗಿ ಬೆಂದ ಬ್ರೆಡ್ಡಿನ ಮೇಲಿನ ಬಣ್ಣ, ಅದರಲ್ಲಿ ತುಸು ಕೆಂಪು. ಬಳಿದು ಹಿಂದೆ ಸರಿದಳು. ಹತ್ತಿರ ಬಂದಳು. ಮತ್ತೆ ಸರಿದಳು. ಹೋಗಿ ಕನ್ನಡಿ ತಂದು ನನ್ನ ಕೈಗೆ ಕೊಟ್ಟಳು.

ನೋಡಿಕೊಂಡೆ. ಮಿಲೆ ಇದ್ದಾಗಿನ ಮುಖ ಅಲ್ಲ ಅದು. ಅದು ಇನ್ನು ಬರುವುದಿಲ್ಲ. ಆದರೆ ಬದುಕಿರುವವಳ ಮುಖ. ಕೆನ್ನೆ ಇತ್ತು, ಕಣ್ಣಲ್ಲಿ ನೀರಿನ ಹೊಳಪಿತ್ತು. ಕನ್ನಡಿ ಕೆಳಗಿಟ್ಟೆ.

"ಇದೇ" ಅಂದೆ.

"ಇದೇ" ಅಂದಳು.

ಊರಿಗೆಲ್ಲ ಸುದ್ದಿ ಹೋಯಿತು. "ಅಷ್ಟು ಗಾಢ ಬಣ್ಣಾನ ಆ ಕತ್ತಲೆಗೆ ಬಳೀತೀಯಾ? ಕಾಲಿಟ್ಟವರು ಎಡವಿ ಬೀಳ್ತಾರೆ" ಎಂದು ಶೆರಿಲ್ ತನ್ನ ಡಬ್ಬವನ್ನೇ ವಾಪಸ್ ಕೇಳಿದಳು. ಲೆಫ್ಟೆರಿಸ್ ಮಾತ್ರ ಏಣಿ ಹಿಡಿದುಕೊಳ್ಳಲು ತಾನಾಗಿ ಬಂದ. "ಬಳಿ ಬಳಿ. ಕತ್ತಲೆಗೆ ಇನ್ನೂ ಸ್ವಲ್ಪ ಕತ್ತಲೆ. ಚಾವಣಿಗೂ ಬಳಿ."

"ಚಾವಣಿಗೂ ಬಳೀತೀನಿ" ಅಂದಳು. ಉಳಿದಿದ್ದ ಬಿಳಿಯನ್ನು ಅದೇ ಬಣ್ಣಕ್ಕೆ ಸುರಿದು ತುಸುವೇ ತಿಳಿ ಮಾಡಿ ಚಾವಣಿಗೆ ಬಳಿದಳು. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ. ತಲೆಯ ಮೇಲೆ ಮುಚ್ಚಳ ಹಾಕಿದಂತಿದ್ದ ಕೋಣೆ ಮೇಲಕ್ಕೆ ಎದ್ದು ನಿಂತಿತು. ಅವನು ಏಣಿ ಹಿಡಿದುಕೊಂಡೇ ಕತ್ತೆತ್ತಿ ನೋಡಿದ.

ಹಬ್ಬದ ದಿನ ಮುಂದಿನ ಕಿಟಕಿಯಲ್ಲಿ ಬಿಸಿಲು ಚೆಲ್ಲಿತ್ತು. ಲೆಫ್ಟೆರಿಸ್ ಒಳ್ಳೆಯ ಕುರ್ಚಿಗಳನ್ನೆಲ್ಲ ಅಲ್ಲೇ ಹಾಕಿದ್ದ. ಬ್ರಾಂದಿ ಬಾಟಲಿ ಅಲ್ಲಿ, ಪಗಡೆಯ ಹಾಗೆ ಅವರು ಆಡುವ ತಾವ್ಲಿ ಹಲಗೆ ಅಲ್ಲಿ. ಪಾಲಕ್ ತುಂಬಿದ ಪಿಟಾ, ಎಳ್ಳಿನ ಬಿಸ್ಕತ್ತು ಎಲ್ಲ ಅಲ್ಲೇ. ವೂಲಾ ಬೇಡ ಅನ್ನಲಿಲ್ಲ. ಒಳಗೆ ಹೋಗಿ ದೀಪ ಹಚ್ಚಿ ಬಂದಳು, ಅಷ್ಟೇ.

ಜನ ಬಂದರು. "ನೂರು ವರ್ಷ ಬಾಳು" ಎಂದು ಹರಸಿ ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ತಿಂದರು. ಯಾರೂ ಏಳಲಿಲ್ಲ. ಲೆಫ್ಟೆರಿಸ್ ಬೋಗ್ದಾನನ ಜೊತೆ ಆಟಕ್ಕೆ ಕೂತು ಮೀಸೆಯಡಿ ನಗುತ್ತಿದ್ದ. ವೂಲಾಳ ಕೈ ಏಪ್ರನ್ ಹಿಂಡುತ್ತಿತ್ತು. ಅವಳು ಕರೆಯುವಂತಿಲ್ಲ. ನಾನೂ ಕರೆಯುವಂತಿಲ್ಲ. ಆದರೆ ಎದ್ದು ಹೋಗಿ ಕೂರಬಾರದು ಎಂದು ಯಾರೂ ಹೇಳಿರಲಿಲ್ಲ. ಆ ಸ್ಟೂಲು ಈಗ ನನ್ನದೇ ಆಗಿತ್ತು. ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಬೋಗ್ದಾನನ ಹೆಂಡತಿ ರೊಸಾಂದಾ ಬಚ್ಚಲು ಹುಡುಕಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು.

"ಸ್ತಾನಾ? ಏನೇ ಇದು, ಮುಖಕ್ಕೆ ಏನು ಹಚ್ಕೊಂಡಿದ್ದೀಯಾ?"

"ಏನೂ ಇಲ್ಲ."

"ಸುಳ್ಳು ಹೇಳ್ಬೇಡ." ಒಳಗೆ ಬಂದು ನನ್ನ ಗಲ್ಲ ಹಿಡಿದು ನೋಡಿದಳು. ಪಕ್ಕದ ಸೋಫಾದಲ್ಲಿ ಕೂತಳು. ಬಚ್ಚಲು ಮರೆತಳು. ಅವಳನ್ನು ಹುಡುಕಿಕೊಂಡು ಶೆರಿಲ್ ಬಂದಳು. ಎಡವಲಿಲ್ಲ. ಗೋಡೆಯನ್ನು ನೋಡಿ, "ಅದು ನನ್ನ ಡಬ್ಬಾನಾ?" ಅಂದಳು. "ನಿಂದೇ" ಅಂದೆ. "ನನ್ನ ಆಯ್ಕೆ ಯಾವತ್ತೂ ಚೆನ್ನಾಗಿರುತ್ತೆ" ಎಂದು ಕೂತಳು. ರೊಸಾಂದಾ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಇನ್ನಿಬ್ಬರು ಹೆಂಗಸರು ಬಂದರು. ಅವರ ಹಿಂದೆ, ಹೆಂಗಸರು ಯಾರ ಬಗ್ಗೆ ನಗುತ್ತಿದ್ದಾರೆ ಎಂದು ತಿಳಿಯಲು ಗಂಡಸರು.

ಕಾಫಿಯ ಹೊತ್ತಾಯಿತು. ವೂಲಾ ತಟ್ಟೆ ಹಿಡಿದು ಎರಡು ಕೋಣೆಗಳ ನಡುವೆ ನಿಂತಳು. ಮುಂದೆ ಉಳಿದವರು ಆಟಕ್ಕೆ ಕೂತ ಇಬ್ಬರೇ. ಒಳಗೆ ಮತ್ತೊಂದು ನಗು ಎದ್ದಿತು. ಬೋಗ್ದಾನ ಕತ್ತು ಉದ್ದ ಮಾಡಿದ.

"ಏ, ನಿನ್ನ ಸರದಿ, ಹಾಕು" ಅಂದ ಲೆಫ್ಟೆರಿಸ್.

"ಹಾಕ್ತೀನಿ. ಅಲ್ಲಿ ಹಾಕ್ತೀನಿ" ಎಂದು ಬೋಗ್ದಾನ ಹಲಗೆಯನ್ನೇ ಎತ್ತಿಕೊಂಡು, ಕಾಯಿ ಜಾರದಂತೆ ಮೆಲ್ಲಗೆ ಒಳಗೆ ನಡೆದ.

ಬಿಸಿಲಿನಲ್ಲಿ ಲೆಫ್ಟೆರಿಸ್ ಒಬ್ಬನೇ. ಸುತ್ತ ಖಾಲಿ ಕುರ್ಚಿಗಳು, ಮುಂದೆ ಬಾಟಲಿ.

"ನಿನ್ನ ಕಾಫಿ ಎಲ್ಲಿಗೆ ತರ್ಲಿ?" ಎಂದು ವೂಲಾ ಕೇಳಿದಳು. ಬಹಳ ಮೆತ್ತಗೆ ಕೇಳಿದಳು.

ಅವನು ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಒಳಗೆ ಬಂದು ಹಿಂದಿನ ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. "ಪೊಳ್ಳು ಸದ್ದು ಬರ್ತಿದೆ. ಹಿಂದೆ ಕಲ್ಲಿದೆ."

"ಅದು ನಿನ್ನ ತಲೆ" ಅಂದ ಬೋಗ್ದಾನ, ದಾಳ ಹಾಕುತ್ತಾ.

ಕೋಣೆ ತುಂಬ ನಗು. ಲೆಫ್ಟೆರಿಸ್ ಎಲ್ಲರ ಮುಖ ನೋಡಿದ. ಒಬ್ಬೊಬ್ಬರನ್ನೂ ನೋಡಿದ. ವೂಲಾಳನ್ನು ಕೊನೆಗೆ ನೋಡಿದ, ಹೆಚ್ಚು ಹೊತ್ತು ನೋಡಿದ. ಕೂತ. ಕಾಫಿ ತೆಗೆದುಕೊಂಡು ಒಂದು ಗುಟುಕು ಕುಡಿದ.

"ಇದು ಕೋಣೆ" ಅಂದ, ಬಟ್ಟಲಿನೊಳಗೆ.

"ಏನಂದೆ?" ಅಂದಳು ವೂಲಾ.

"ಕೋಣೆ ಅಂದೆ."

"ಬೋಗ್ದಾನಂಗೆ ಕಿವಿ ಮಂದ. ಅವನೇ ಸಾಕ್ಷಿ. ಜೋರಾಗಿ ಹೇಳು."

"ಕೋಣೆ!" ಎಂದು ಲೆಫ್ಟೆರಿಸ್ ಕೂಗಿದ. "ಕೋಣೆ, ಕೋಣೆ, ಕೋಣೆ! ಸಾಕಾ?"

ಚಾವಣಿಯ ಗಾಳಿಕೊಳವೆಯಲ್ಲಿ ಅವನ ಕೂಗು ಗುಡ್ಡದ ಮೇಲಕ್ಕೆ ಹೋಯಿತು. ಅಲ್ಲಿ ಯಾರದೋ ನಾಯಿ ಬೊಗಳತೊಡಗಿತು. ವೂಲಾ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಏಪ್ರನ್ ಬಿಚ್ಚಿ, ತನ್ನ ಕೋಣೆಯ ನಟ್ಟನಡುವೆ ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕೂತಳು.

"ಈಗ ಯಾರಾದ್ರೂ ನಂಗೊಂದು ಕಾಫಿ ಕೊಡಿ" ಅಂದಳು.