ಅವ್ವನ ಬಾಯಲ್ಲಿ ಬಂದ ಮಾತು

ಮೈಮೇಲೆ ಬರುವುದು, ಸುಳಿಯುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಸುರಪುರದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನೆನೆದರೆ ಇಂದಿಗೂ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ನಿಜಾಮನ ರಾಜ್ಯ ಹೋಗಿ ಎರಡು ವರ್ಷವಾಗಿತ್ತು. ಅವ್ವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹೇಲುಚ್ಚೆ ಬಳಿಯುವ ಕೆಲಸ ನನ್ನದು. ಆರೈಕೆಗೆ ಯಾರನ್ನು ಕರೆಸಬೇಕೆಂಬ ತೀರ್ಮಾನ ಅಣ್ಣನದು. ಎರಡು ತಿಂಗಳಾದರೂ ಅವ್ವ ಏಳದಿದ್ದಾಗ, ಪಕ್ಕದ ರಂಗಂಪೇಟೆಯ ಚಾಂದಬಿಯನ್ನು ಕರೆಯೋಣ ಎಂದೆ. ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಂಡು ಕೈ ಪಳಗಿದ ಮುದುಕಿ. ನಾನು ಹುಟ್ಟಿದಾಗ ಅವ್ವನ ಬಾಣಂತನ ಮಾಡಿದವಳೂ ಅವಳೇ. ಅಣ್ಣ ಹರಿಹಾಯ್ದ.

"ರಜಾಕಾರರ ಗದ್ದಲದಾಗ ನಮ್ಮ ಮಂದಿ ಏನೇನ್ ಅನುಭವಿಸ್ಯಾರ, ಮರ್ತೇನು? ಆ ಸಾಬರ ಮುದುಕಿ ಈ ಹೊಸ್ತಿಲ ದಾಟಬಾರ್ದು."

ಗದ್ದಲ ಮಾಡಿದವರು ಯಾರೋ, ಬಾಗಿಲು ಮುಚ್ಚಿದ್ದು ಚಾಂದಬಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಅಣ್ಣ ಶಹಾಪುರದಿಂದ ಒಬ್ಬ ಕಂಪೌಂಡರನನ್ನು ಕರೆತಂದ. ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು ಅವನ ಹತ್ತಿರ ಇತ್ತು, ಉರ್ದುವಿನಲ್ಲಿ. ಅಣ್ಣ ಶಾಲೆ ಕಲಿತದ್ದೇ ಉರ್ದುವಿನಲ್ಲಿ. ಆದರೆ ರಾಜ್ಯ ಬದಲಾದ ಮೇಲೆ ಆ ಅಕ್ಷರ ಓದುವುದಿಲ್ಲವೆಂದು ಹಟ ಹಿಡಿದಿದ್ದ. ಮೊಹರು ಮಾತ್ರ ನೋಡಿ ಒಪ್ಪಿಬಿಟ್ಟ. ಅದರಲ್ಲಿ ಬರೆದದ್ದು ಆ ಕಂಪೌಂಡರ ದನದ ದವಾಖಾನೆಯಲ್ಲಿ ಕೆಲಸ ಮಾಡಿದ್ದನೆಂದು, ನಮಗೆ ಆಮೇಲೆ ತಿಳಿಯಿತು. ಓದು ಬಂದೂ ಓದದವನಿಗೆ ಏನೆನ್ನಬೇಕು?

ಆ ಪುಣ್ಯಾತ್ಮ ಅವ್ವನನ್ನು ಅಂಗಾತ ಮಲಗಿಸಿ, ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಹಾಕುವಂತೆ ದವಡೆ ಒತ್ತಿ ಗಂಜಿ ಸುರಿಯುತ್ತಿದ್ದ. ಅವ್ವ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದಳು. ಬೇಡವೆಂದರೆ ನನ್ನನ್ನೇ ಗದರುತ್ತಿದ್ದ. ಅವನು ಬಂದ ಐದನೆಯ ದಿನ ಅವ್ವನಿಗೆ ಜ್ವರ ಏರಿತು, ಎದೆಯಲ್ಲಿ ಗೊರಗೊರ ಸದ್ದು. ಇನ್ನೊಂದು ದಿನ ಹೀಗೇ ಆದರೆ ಅವ್ವ ಉಳಿಯುವುದಿಲ್ಲವೆಂದು ನನಗೆ ಗೊತ್ತಾಗಿತ್ತು. ಅಂದು ಮಧ್ಯಾಹ್ನ ಅವನು ಮತ್ತೆ ನೀರಿನ ಲೋಟ ಎತ್ತಿದ. ಅಣ್ಣ ಬಾಗಿಲಲ್ಲಿದ್ದ.

ಆಗ ಅವ್ವ ಮಾತಾಡಿದಳು.

"ಪೈಲೆ ಬಿಠಾವ್, ಫಿರ್ ಪಿಲಾವ್."

ಮೊದಲು ಕೂರಿಸು, ಆಮೇಲೆ ಕುಡಿಸು. ಎರಡು ತಿಂಗಳಿಂದ ಒಂದಕ್ಷರ ಆಡದ ಬಾಯಿ. ನಾಲಿಗೆ ಎಲ್ಲೂ ತೊಡರಲಿಲ್ಲ. ದನಿ ಮಾತ್ರ ಅವ್ವನದಲ್ಲ, ಚಾಂದಬಿಯ ಒಡಕು ದನಿ. ಕಂಪೌಂಡರನ ಕೈಯಿಂದ ಲೋಟ ಬಿತ್ತು. ನಾನು ಅವ್ವನನ್ನು ಎತ್ತಿ ಗೋಡೆಗೆ ಒರಗಿಸಿ, ಹಿಡಿದುಕೋ ಎಂದು ಅಣ್ಣನಿಗೆ ಹೇಳಿ, ರಂಗಂಪೇಟೆಗೆ ಓಡಿದೆ.

ಚಾಂದಬಿ ಬಾಗಿಲ ಕಟ್ಟೆಯ ಮೇಲೆ ಗಂಟಲು ಹಿಡಿದು ಕೂತಿದ್ದಳು. ನನ್ನನ್ನು ಕಂಡು ತುಟಿ ಅಲುಗಿಸಿದಳು, ದನಿ ಬರಲಿಲ್ಲ. "ಮುಂಜಾನಿ ಛಲೋ ಇದ್ರವ್ವ," ಎಂದಳು ಸೊಸೆ. "ಈಗ ಸ್ವಲ್ಪ ಹೊತ್ತಾಯ್ತು, ಧ್ವನಿನೇ ಹೋಗ್ಯದ." ನಾನಿನ್ನೂ ಏನೂ ಹೇಳಿರಲಿಲ್ಲ. ಚಾಂದಬಿ ಯಾರದೋ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದಂತೆ ಮಾಡಿ, ಆಮೇಲೆ ಲೋಟ ಬಗ್ಗಿಸಿದಂತೆ ಮಾಡಿ ತೋರಿಸಿದಳು.

ಅವಳು ಬಂದಳು. ಅಣ್ಣ ದಾರಿ ಬಿಟ್ಟ. ಸಂಜೆಗೆ ಅವಳ ದನಿ ಮರಳಿತು. ಅವಳ ಕೈಯಲ್ಲಿ ಅವ್ವ ಮುಂದಿನ ಜೋಳದ ಸುಗ್ಗಿಯವರೆಗೆ ಬದುಕಿದಳು, ಆದರೆ ಮತ್ತೊಂದು ಮಾತು ಆಡಲಿಲ್ಲ. ಒಂದು ದಿನ ಅಣ್ಣನನ್ನು ಕೇಳಿದೆ: "ಅವತ್ತು ಅವ್ವ ಅಂದದ್ದು ನಿನಗೂ ಕೇಳಸ್ತಲ್ಲ?"

"ನಂಗ ಉರ್ದು ತಿಳಿಯಂಗಿಲ್ಲ," ಎಂದು ಎದ್ದು ಹೋದ. ಅವನ ಮೇಲಿನ ಸಿಟ್ಟು ಅವನು ಸತ್ತ ಮೇಲೂ ಇಳಿದಿಲ್ಲ.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಎಂಥವರನ್ನು ಇಟ್ಟುಕೊಳ್ಳಬೇಕೆಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಕಾಗದಪತ್ರ ಆಮೇಲೆ ನೋಡಿ, ಮೊದಲು ನಿಮ್ಮೆದುರು ರೋಗಿಗೆ ಒಂದು ಗುಟುಕು ನೀರು ಕುಡಿಸಲು ಹೇಳಿ ಎನ್ನುತ್ತೇನೆ. ಇದನ್ನು ನಿನಗೆ ಕಲಿಸಿದವರು ಯಾರು ಎಂದು ಕೇಳಿದರೆ ಮಾತ್ರ, ಅವ್ವ ಎನ್ನಬೇಕೋ ಚಾಂದಬಿ ಎನ್ನಬೇಕೋ ನನಗಿನ್ನೂ ತಿಳಿದಿಲ್ಲ.