ಗ್ರಹಣದ ಹೊತ್ತಿಗೆ ಹೆಚ್ಚಿದ ಮುಳ್ಳುಸೌತೆ

ನಿನ್ನೆ ರೇಷನ್ ಕಾರ್ಡು ಹುಡುಕುತ್ತಾ ಅಮ್ಮನ ಕಪಾಟಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ರಟ್ಟಿನ ಕನ್ನಡಕ. ಒಂದು ಕಡ್ಡಿ ಮುರಿದು ಟೇಪು ಸುತ್ತಿಸಿಕೊಂಡಿದೆ. ಹಾಕಿಕೊಂಡು ನೋಡಿದೆ, ಕಪಾಟೂ ಇಲ್ಲ, ಕೋಣೆಯೂ ಇಲ್ಲ, ಬರೀ ಕತ್ತಲೆ. ಸೂರ್ಯನನ್ನು ಬಿಟ್ಟು ಬೇರೆ ಯಾವುದನ್ನೂ ತೋರಿಸದ ಕನ್ನಡಕ ಅದು. ಹಂಪನಕಟ್ಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಗಾಜು ಕೂರಿಸುವವನು ನಾನು. ನನ್ನ ಕೈ ದಾಟಿ ಹೋದ ಕನ್ನಡಕಗಳಲ್ಲಿ ಇದರಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ. ಕುಳಿತುಕೊಳ್ಳಿ, ಹೇಳಿಬಿಡುತ್ತೇನೆ.

ಕೊರೊನಾ ಬರುವುದಕ್ಕೆ ಸ್ವಲ್ಪ ಮೊದಲು, ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ, ಮಂಗಳೂರಿಗೆ ಕಂಕಣ ಸೂರ್ಯಗ್ರಹಣ ಬಂತಲ್ಲ, ಆಗಿನ ಮಾತು. ವಾರ ಮೊದಲೇ ಅಂಗಡಿಗೆ ಜನ ಮುತ್ತಿದ್ದರು. ಒಬ್ಬರು ಹಳೆಯ ಎಕ್ಸ್‌ರೇ ತಂದು, "ಇದರಲ್ಲಿ ನೋಡಿದರೆ ಎಂತ ಆಗ್ತದೆ?" ಅಂದರು. "ಕಣ್ಣು ಹೋಗ್ತದೆ" ಅಂದೆ. "ನನ್ನದೇ ಎದೆಯ ಎಕ್ಸ್‌ರೇ ಮಾರಾಯ್ರೆ, ಬೇರೆಯವರದ್ದಲ್ಲ" ಅಂತ ಬೇಸರ ಮಾಡಿಕೊಂಡರು. ಇನ್ನೊಬ್ಬರಿಗೆ ಗ್ರಹಣದ ಕನ್ನಡಕಕ್ಕೆ ತಮ್ಮ ಪವರು ಹಾಕಿಸಿ ಬೇಕು, ಅದೂ ಸಂಜೆಯೊಳಗೆ. ಲಾಡ್ಜುಗಳಲ್ಲಿ ಕೋಣೆ ಇಲ್ಲ. ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವರ ಹೆಗಲ ಮೇಲೆಲ್ಲ ಟೆಲಿಸ್ಕೋಪು, ಕ್ಯಾಮೆರಾ ಸ್ಟ್ಯಾಂಡು. ನಮ್ಮೂರಿನ ಸೂರ್ಯನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮೇ ತಿಂಗಳಲ್ಲಿ ಅವನಿಗೆ ನಾವು ಹಾಕುವ ಶಾಪ ನಿಮಗೆ ಗೊತ್ತೇ ಉಂಟು. ಶಕ್ತಿನಗರದ ನಮ್ಮ ಮನೆಯ ಹತ್ತಿರದ ಶಾಲೆ ಮೈದಾನದಲ್ಲಿ ನಾವು ನಾಲ್ಕೈದು ಮಂದಿ ಸೇರಿ ಗ್ರಹಣ ತೋರಿಸುವ ಏರ್ಪಾಡು ಮಾಡಿದ್ದೆವು. ಬ್ಯಾನರು ಕಟ್ಟಿದವನೂ ನಾನೇ, ಮೈಕು ಹಿಡಿಯುವವನೂ ನಾನೇ.

ಊರಿಗೆಲ್ಲ ಬುದ್ಧಿ ಹೇಳಲು ಹೊರಟವನ ಮನೆಯೊಳಗಿನ ತಯಾರಿಯೇ ಬೇರೆ. ನೆಲದ ಮೇಲೆ ಕುಳಿತು, ಕಾಲಲ್ಲಿ ಒತ್ತಿ ಹಿಡಿದು ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಅಮ್ಮ ಪ್ರತಿ ಗ್ರಹಣಕ್ಕೂ ಒಂದು ದಿನ ಮೊದಲು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದಳು. ಯಾಕೆಂದರೆ ನನ್ನ ತುಟಿ. ಹುಟ್ಟುವಾಗಲೇ ನನ್ನ ಮೇಲ್ತುಟಿ ಸೀಳಿತ್ತು. ಆಪರೇಷನ್ ಆಯಿತು, ಹೊಲಿಗೆ ಬಿತ್ತು, ಮೀಸೆ ಬಂದ ಮೇಲೆ ಕಲೆ ಮುಚ್ಚಿಯೂ ಹೋಯಿತು. ಆ ಮೀಸೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಉಂಟು, ಸುಳ್ಳು ಯಾಕೆ ಹೇಳಲಿ?

ಅಮ್ಮನಿಗೆ ಮಾತ್ರ ಅದು ಮುಚ್ಚಿಹೋಗಲಿಲ್ಲ. ಎಂಬತ್ತನೇ ಇಸವಿಯ ಗ್ರಹಣದ ಮಧ್ಯಾಹ್ನ, ನನ್ನನ್ನು ಹೊಟ್ಟೆಯಲ್ಲಿ ಹೊತ್ತಿದ್ದ ಅಮ್ಮನನ್ನು ಅಜ್ಜಿ ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಮುಚ್ಚಿದ್ದರು. ಅಜ್ಜಿ ಅಂದರೆ ಅಪ್ಪನ ತಾಯಿ. ತಿನ್ನುವಂತಿಲ್ಲ, ಕತ್ತಿಯನ್ನಂತೂ ಮುಟ್ಟಲೇಬಾರದು. ಅಮ್ಮನಿಗೋ ತಡೆಯಲಾರದ ಹಸಿವು. ಮೆಲ್ಲ ಹೊರಗೆ ಬಂದು ಒಂದು ಮುಳ್ಳುಸೌತೆ ಹೆಚ್ಚಿ ತಿಂದಳು. ಸಿಪ್ಪೆ ಅಜ್ಜಿಯ ಕಣ್ಣಿಗೆ ಬಿತ್ತು. ಎರಡು ತಿಂಗಳು ಕಳೆದು ನಾನು ಹುಟ್ಟಿದಾಗ ಅಜ್ಜಿ ತೊಟ್ಟಿಲಿಗೆ ಬಗ್ಗಿ ನೋಡಿ, "ನೀನು ಹೆಚ್ಚಿದ್ದು ಸೌತೆಯನ್ನಲ್ಲ, ಇವನ ತುಟಿಯನ್ನು" ಅಂದರಂತೆ. ಅಂದಿನಿಂದ ಅಮ್ಮ ಮುಳ್ಳುಸೌತೆ ಬಾಯಿಗಿಟ್ಟವಳಲ್ಲ. ಅದೆಲ್ಲ ಮೂಢನಂಬಿಕೆ ಅಂತ ನಾನು ನೂರು ಸಲ ಭಾಷಣ ಬಿಗಿದಿದ್ದೇನೆ. ಅಮ್ಮ ಪೂರ್ತಿ ಕೇಳಿ, ನನ್ನ ತುಟಿಯನ್ನೊಮ್ಮೆ ನೋಡಿ, ಎದ್ದು ಹೋಗುತ್ತಿದ್ದಳು.

ಗ್ರಹಣದ ಹಿಂದಿನ ಸಂಜೆ ಪಕ್ಕದ ಮನೆಯ ನಫೀಸಕ್ಕ ಮಗಳು ಸಫೀನಾಳನ್ನು ಕರೆದುಕೊಂಡು ಕನ್ನಡಕ ಕೊಂಡುಹೋಗಲು ಬಂದರು. ಸಫೀನಾ ಆಸ್ಪತ್ರೆಯಲ್ಲಿ ನರ್ಸ್, ಹೆರಿಗೆಗೆಂದು ತಾಯಿಮನೆಗೆ ಬಂದವಳು. ಅವಳಿಗೂ ಕನ್ನಡಕ ಬೇಕು ಅಂದದ್ದೇ ತಡ, ಅಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ನೀನು ಹೊರಗೆ ಬರಬೇಡ ಮಗಾ. ನಾನು ಮಾಡಿದ ತಪ್ಪು ನೀನು ಮಾಡಬೇಡ. ಇವನ ತುಟಿ ನೋಡು."

ಸಫೀನಾ ನನ್ನ ತುಟಿ ನೋಡಲಿಲ್ಲ, ಅಮ್ಮನನ್ನೇ ನೋಡಿದಳು. "ಆಗ ನಿಮಗೆ ಎಷ್ಟು ತಿಂಗಳು, ಆಂಟಿ?"

"ಏಳು."

"ಏಳಾ? ಮಗುವಿನ ತುಟಿ ಕೂಡಿಕೊಳ್ಳುವುದು ಎರಡು ತಿಂಗಳು ತುಂಬುವುದರೊಳಗೆ, ಆಂಟಿ. ಆಗ ಕೂಡದಿದ್ದರೆ ಮತ್ತೆ ಕೂಡುವುದೇ ಇಲ್ಲ. ನೀವು ಸೌತೆ ಹೆಚ್ಚುವ ಹೊತ್ತಿಗೆ ಇವರು ಇದೇ ತುಟಿ ಇಟ್ಟುಕೊಂಡು ಒಳಗೆ ಕೂತು ಐದು ತಿಂಗಳಾಗಿತ್ತು!"

ಅಮ್ಮ ಬೆರಳು ಮಡಚಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಎದ್ದು ಅಡಿಗೆಕೋಣೆಗೆ ಹೋದಳು. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಮೂವತ್ತೊಂಬತ್ತು ವರ್ಷ! ಅಜ್ಜಿ ಬೈದರು, ಅಪ್ಪ ಸುಮ್ಮನಿದ್ದರು, ನಾನು ಭಾಷಣ ಮಾಡಿದೆ. ಎಷ್ಟು ತಿಂಗಳಾಗಿತ್ತು ಅಂತ ಒಬ್ಬರೂ ಕೇಳಿರಲಿಲ್ಲ. ಮೈಕು ಹಿಡಿಯುವವನಿಗೆ ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಬೆಳಿಗ್ಗೆ ಎಂಟಕ್ಕೆಲ್ಲ ಮೈದಾನ ತುಂಬಿತ್ತು. ಯಾರೂ ಬರಲಿಕ್ಕಿಲ್ಲ ಅಂತ ಹೆದರಿದ್ದವರು ನಾವು, ಕನ್ನಡಕ ಸಾಲದೆ ನಾಲ್ಕು ಜನಕ್ಕೆ ಒಂದರಂತೆ ಹಂಚಿದೆವು. ನಫೀಸಕ್ಕನ ಗಂಡ ಗ್ರಹಣದ ನಮಾಜಿಗೆ ಮಸೀದಿಗೆ ಹೋಗಿದ್ದರು. ನಫೀಸಕ್ಕ, ಸಫೀನಾ ಮುಂದಿನ ಸಾಲಿನಲ್ಲೇ ಇದ್ದರು. ಮಾವಿನ ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಪುಟ್ಟ ಪುಟ್ಟ ಚಂದ್ರನ ತುಂಡುಗಳಾಗಿದ್ದವು. ಬಿಸಿಲು ಮಂಕಾಯಿತು. ನಾನು ಮೈಕಿನಲ್ಲಿ ಏನೋ ಹೇಳುತ್ತಿದ್ದೆ, ಕಣ್ಣು ಗೇಟಿನ ಕಡೆಗೇ.

ಅಮ್ಮ ಬಂದಳು. ಮದುವೆಗೆ ಉಡುವ ಸೀರೆ, ಕೈಯಲ್ಲಿ ಬಟ್ಟೆ ಚೀಲ. ಯಾರನ್ನೂ ನೋಡದೆ ವೇದಿಕೆಯ ಮೇಲೆ ಕುಳಿತು ಚೀಲದಿಂದ ಮೆಟ್ಟುಕತ್ತಿ ತೆಗೆದಳು. ಆಮೇಲೆ ಮುಳ್ಳುಸೌತೆ. ಮೊದಲ ತುಂಡು ಹೆಚ್ಚಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಎರಡನೆಯದಕ್ಕೆ ಅಷ್ಟು ಹಿಡಿಯಲಿಲ್ಲ. ಮೂರನೆಯದು ಚಕ್ಕನೆ ಬಿತ್ತು.

"ಎಂತ ಮಾಡ್ತಿದ್ದೀರಿ ಮಾರಾಯ್ರೆ, ಗ್ರಹಣ ಹಿಡಿದ ಹೊತ್ತಿಗೆ!" ಅಂತ ಹಿರಿಯರೊಬ್ಬರು ಕೂಗಿದರು.

"ಸೌತೆ ಹೆಚ್ಚುತ್ತಿದ್ದೇನೆ" ಅಂದಳು ಅಮ್ಮ. "ನಿಮಗೂ ಉಂಟು. ಉಪ್ಪು ಖಾರ ಹಾಕಿ ಕೊಡ್ತೇನೆ."

ಅಮ್ಮ ಒಂದು ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡಳು. ಸಫೀನಾ ಕೈ ಚಾಚಿ ಇನ್ನೊಂದು ತೆಗೆದುಕೊಂಡಳು. ಅಷ್ಟರಲ್ಲೇ "ತೂಲೆ! ತೂಲೆ!" ಅಂತ, ನೋಡಿ ನೋಡಿ ಅಂತ ತುಳುವಿನಲ್ಲಿ ಮೈದಾನವೆಲ್ಲ ಬೊಬ್ಬೆ. ಉಂಗುರ ಕೂಡಿತ್ತು! ನಾನು ಓಡಿಹೋಗಿ ನನ್ನ ಕನ್ನಡಕವನ್ನು ಅಮ್ಮನ ಕಣ್ಣಿಗೆ ಇಟ್ಟೆ. ಗಡಿಬಿಡಿಯಲ್ಲಿ ಕಡ್ಡಿ ಮುರಿಯಿತು, ಕೈಯಲ್ಲೇ ಹಿಡಿದುಕೊಂಡೆ. ಅಮ್ಮ ಮುಖ ಎತ್ತಿ ನೋಡಿದಳು. ಕನ್ನಡಕದ ಕೆಳಗಿನಿಂದ ನೀರು ಇಳಿದು ಗಲ್ಲಕ್ಕೆ ಬಂತು.

"ಇಷ್ಟೇನಾ?" ಅಂದಳು. "ಇಷ್ಟು ಚಂದ ಉಂಟು. ಇದಕ್ಕಾ ನಾನು ಹೆದರಿದ್ದು?"

ನನಗೂ ಅಳು ಬಂತು. ಇನ್ನೊಂದು ಕೈಯಲ್ಲಿದ್ದ ಮೈಕು ಆನ್ ಇದ್ದುದರಿಂದ ಅದು ಮೈದಾನಕ್ಕೆಲ್ಲ ಕೇಳಿಸಿತು. ಆ ದಿನ ಅಮ್ಮ ತಂದ ಸೌತೆ ಸಾಲಲಿಲ್ಲ. ಕೂಗಿದ ಹಿರಿಯರು ಎರಡು ಸಲ ಕೇಳಿ ತಿಂದರು.

ಮೊನ್ನೆ ನೆಂಟರ ಮನೆಯಲ್ಲಿ ಸೀಮಂತ. ಊಟಕ್ಕೆ ಕುಳಿತಾಗ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಬಸುರಿ ಹುಡುಗಿಗೆ ಬುದ್ಧಿ ಹೇಳಲು ಶುರುಮಾಡಿದರು: "ಗ್ರಹಣ ಬಂದರೆ ಜಾಗ್ರತೆ ಮಗಾ. ನಮ್ಮ ಇವನನ್ನೇ ನೋಡು, ಇವನ ಅಮ್ಮ ಅವತ್ತು..."

ಮೊದಲಾದರೆ ಅಮ್ಮ ಎಲೆಯ ಮೇಲೆ ತಲೆ ತಗ್ಗಿಸಿಬಿಡುತ್ತಿದ್ದಳು. ಈಗ ಅನ್ನದ ಕೈಯನ್ನು ಹಾಗೆಯೇ ಎತ್ತಿ, ಪಂಕ್ತಿಯ ಆ ತುದಿಗೂ ಕೇಳುವ ಹಾಗೆ ಹೇಳಿದಳು:

"ಏಳು ತಿಂಗಳಾಗಿತ್ತು ಅತ್ತಿಗೆ, ಎಣಿಸಲಿಕ್ಕೆ ಕಲಿಯಿರಿ. ಮತ್ತೆ ನನಗೆ ಹಸಿವಾಗಿತ್ತು. ಹಸಿವಾಗಿತ್ತು, ತಿಂದೆ."